ಪಿಕಪ್ಪಿನ ಗುಡುಗುಡು

ಶಿವಯೋಗಿಯ ಪಿಕಪ್ಪು ನಿಂತಿರುವಾಗ ಬಲು ಸಾಧು. ಜನ್ನಾಪುರದ ಮನೆ ಮುಂದೆ ಬೇವಿನ ಮರದ ನೆರಳಲ್ಲಿ ಅದು ನಿಂತಿದ್ದರೆ, ದಾರಿಯಲ್ಲಿ ಹೋಗುವವರು 'ಪರವಾಗಿಲ್ಲ, ಒಳ್ಳೇ ಗಾಡಿ ಮಾಡಿದ' ಅಂದುಕೊಂಡೇ ಹೋಗಬೇಕು. ಸೆಕೆಂಡ್ ಹ್ಯಾಂಡ್ ನಿಜ, ಆದರೆ ಮೈತುಂಬ ಹೊಸ ಬಿಳಿ ಬಣ್ಣ. ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿ ಸರ, ಗಾಜಿನ ಮೇಲೆ ವಿಭೂತಿಯ ಮೂರು ಗೆರೆ, ಗಾಡಿಯಡಿ ಚಾಸಿಯ ಚೌಕಟ್ಟಿಗೆ ಬಿಗಿದು ಕಟ್ಟಿದ ಕೆಂಪು ಬಟ್ಟೆಯ ದೇವರ ಗಂಟು. ಅಂತೂ ದೇವರ ಕಡೆಯಿಂದ ಅದಕ್ಕೆ ಏನೂ ಕಮ್ಮಿ ಇರಲಿಲ್ಲ.

ಕಮ್ಮಿ ಇದ್ದದ್ದೆಲ್ಲ ಬೇರೆ ಕಡೆಯಿಂದ. ಬೆಳಗಿನ ಹೊತ್ತು ಸೆಲ್ಫ್ ಹೊಡೆಯುತ್ತಿರಲಿಲ್ಲ, ಬೀದಿಯವರು ಸೇರಿ ತಳ್ಳಬೇಕು. ಎಡಗಡೆ ಗಾಜು ಒಮ್ಮೆ ಇಳಿದರೆ ಮತ್ತೆ ಏರುತ್ತಿರಲಿಲ್ಲ. ನಾಲ್ಕೂ ಇಂಡಿಕೇಟರುಗಳು ತಮಗೆ ಮನಸ್ಸಾದಾಗ ಮಿನುಗಲು ಶುರುಮಾಡಿ, ತಮಗೆ ಬೇಜಾರಾದಾಗ ನಿಲ್ಲಿಸುತ್ತಿದ್ದವು. ಇವಕ್ಕೆಲ್ಲ ಶಿವಯೋಗಿ ಹೊಂದಿಕೊಂಡಿದ್ದ. ಅವನಿಗೆ ನಿದ್ದೆ ಕೆಡಿಸಿದ್ದು ಒಂದೇ ಒಂದು. ಗಾಡಿ ಹೊರಟಿತೋ ಇಲ್ಲವೋ, ಕೆಳಗೆಲ್ಲೋ ಶುರುವಾಗುತ್ತಿತ್ತು: ಗುಡುಗುಡು, ಗುಡುಗುಡು, ಟಕ್. ನಿಲ್ಲಿಸಿ ಇಳಿದು ಕಿವಿ ಕೊಟ್ಟರೆ ಸದ್ದಿಲ್ಲ. ಹತ್ತಿ ಹೊರಟರೆ ಮತ್ತೆ ಗುಡುಗುಡು. ಒಂದು ದಿನ ಎಡಗಡೆಯಿಂದ ಬಂದಂತೆ ಕೇಳಿದರೆ ಮರುದಿನ ಬಲಗಡೆಯಿಂದ. ತನ್ನ ಕಿವಿಯೇ ಸರಿಯಿಲ್ಲವೇನೋ ಅಂತ ಅವನು ಬಿಸಿ ಎಣ್ಣೆ ಬಿಟ್ಟುಕೊಂಡೂ ನೋಡಿದ್ದ.

ಗಾಡಿ ಕೊಡಿಸಿದ ಬ್ರೋಕರ್ ಗುರುವನ್ನು ಆಗಲೇ ಕೇಳಿದ್ದಾಗಿತ್ತು. ಅದನ್ನು ಚನ್ನಗಿರಿಯವನೊಬ್ಬನಿಂದ ಬಿಡಿಸಿಕೊಂಡು ಬಂದವನು ಅವನೇ. "ಹೊಸ ಕೈ ಅಲ್ವಾ ಅಣ್ಣಾ, ಗಾಡಿಗೆ ಸ್ವಲ್ಪ ಸಂಕೋಚ. ಓಡಿಸ್ತಾ ಓಡಿಸ್ತಾ ಹೋಗುತ್ತೆ ಬಿಡಿ" ಎಂದಿದ್ದ ಗುರು. ತಿಂಗಳಾಗುತ್ತ ಬಂದರೂ ಗಾಡಿಯ ಸಂಕೋಚ ಹೋಗಿರಲಿಲ್ಲ.

ಇವತ್ತು ಮಾತ್ರ ಅದು ಹೋಗಲೇಬೇಕಿತ್ತು. ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಟೈಲ್ಸು, ವಾಶ್ ಬೇಸಿನ್ನುಗಳ ಗೋಡೌನ್ ಇಟ್ಟಿದ್ದ ಜಂಬಣ್ಣ ಎಂಬ ವ್ಯಾಪಾರಿ, ಮಾಲು ಸಾಗಿಸಲು ವರ್ಷಪೂರ್ತಿಗೆ ಒಂದು ಪಿಕಪ್ಪು ಹುಡುಕುತ್ತಿದ್ದರು. ಸಂಜೆ ನಾಲ್ಕಕ್ಕೆ ಗಾಡಿ ತಂದು ತೋರಿಸಿ, ಒಪ್ಪಿಗೆಯಾದರೆ ನಾಳೆಯಿಂದಲೇ ಬಾಡಿಗೆ ಅಂದಿದ್ದರು. ಒಪ್ಪಿಗೆಯಾಗದಿದ್ದರೆ ಏನು ಅನ್ನುವುದು ಆಗಲೇ ತೀರ್ಮಾನವಾಗಿತ್ತು. ಗಾಡಿ ತೆಗೆಯುವಾಗ ಅವನ ಮಾವ ಷಡಕ್ಷರಪ್ಪನವರು ಒಂದು ಷರತ್ತು ಹಾಕಿದ್ದರು. ತಿಂಗಳೊಳಗೆ ಗಟ್ಟಿ ಬಾಡಿಗೆ ಹಿಡಿಯಬೇಕು. ಇಲ್ಲವಾದರೆ ಗಾಡಿ ಮಾರಿ ಅವರ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು.

ಆ ಅಂಗಡಿಯಲ್ಲಿ ಅವನು ಒಮ್ಮೆ ಕೂತಿದ್ದ, ಮಾವನವರಿಗೆ ಕಣ್ಣಿನ ಆಪರೇಷನ್ ಆದಾಗ. ಬಂದ ಪ್ರತಿಯೊಬ್ಬ ಗಿರಾಕಿಗೂ ಮಾವ ಕಪ್ಪು ಕನ್ನಡಕದ ಹಿಂದಿನಿಂದ, "ಇವ್ರು ನಮ್ಮ ಅಳಿಯಂದ್ರು" ಅಂತ ಪರಿಚಯ ಮಾಡಿಸಿ, ಅದೇ ಉಸಿರಿನಲ್ಲಿ, "ಅಳಿಯಂದ್ರೇ, ಆ ಯೂರಿಯಾ ಚೀಲ ಸ್ವಲ್ಪ ಗಾಡಿಗೆ ಎತ್ಹಾಕಿ" ಅನ್ನುತ್ತಿದ್ದರು. ಮರ್ಯಾದೆಗೆ ಮರ್ಯಾದೆ, ಹಮಾಲಿಗೆ ಹಮಾಲಿ. ಅಲ್ಲಿಂದ ಬಂದ ಮೇಲೆ ಎಷ್ಟೋ ದಿನ ಅವನ ಅಂಗಿ ಗೊಬ್ಬರದ ವಾಸನೆ ಬಿಟ್ಟಿರಲಿಲ್ಲ.

ಹಾಗಾಗಿ ಬೆಳಿಗ್ಗೆ ಎದ್ದವನೇ, ಹೆಂಡತಿ ತನುಜಾ ಇಟ್ಟ ಉಪ್ಪಿಟ್ಟನ್ನೂ ಮುಟ್ಟದೆ ಗಾಡಿ ಹೊರಡಿಸಿದ. ಪಕ್ಕದ ಮನೆ ಗೇಟು ದಾಟುವುದರೊಳಗೆ ಪ್ರಸನ್ನಕುಮಾರರು ಪೇಪರು ಮಡಚಿ ಕೈ ಅಡ್ಡ ಹಿಡಿದರು. ಕಾರ್ಖಾನೆಯಿಂದ ರಿಟೈರಾದ ಇವರಿಗೆ ಈಗ ಬೀದಿಯ ಅಷ್ಟೂ ಮನೆಗಳ ಮೇಲ್ವಿಚಾರಣೆ. ಜಂಬಣ್ಣನವರ ಬಾಡಿಗೆಯ ಸುದ್ದಿ ತಂದು ಕೊಟ್ಟವರೂ ಅವರೇ. ಆದ್ದರಿಂದ ಈ ಗಾಡಿಯ ಮೇಲೆ ತಮಗೆ ಅರ್ಧ ಹಕ್ಕು ಅಂತ ಅವರು ತಿಳಿದಿದ್ದರು.

"ಸದ್ದು ನಿನ್ನೆಗಿಂತ ಜಾಸ್ತಿ ಆಗಿದೆಯಲ್ಲೋ ಶಿವಯೋಗಿ."

"ಅಷ್ಟೇ ಇದೆ ಸಾರ್."

"ನಂಗೆ ಹೇಳ್ಬೇಡ. ಸರ್ವೀಸ್ ಪೂರ್ತಿ ಮಿಷಿನ್ ಸದ್ದು ಕೇಳ್ಕೊಂಡೇ ಬಂದೋನು ನಾನು. ಇದು ಚಕ್ರದ ಮೇಲಿನ ಕಮಾನ್ ಪಟ್ಟಿದು. ಜಂಬಣ್ಣನಿಗೆ ನನ್ನ ಮಾತಿನ ಮೇಲೆ ನಂಬಿಕೆ. ಗಾಡಿ ಹೀಗೆ ಗುಡುಗಿದ್ರೆ ನಾನು ಅವ್ನಿಗೆ ಮುಖ ಹೆಂಗೆ ತೋರಿಸ್ಲಿ? ತಡಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ."

ಬೇಡ ಅನ್ನುವುದರೊಳಗೆ ಅವರು ಹತ್ತಿ ಕೂತಾಗಿತ್ತು. ಇಬ್ಬರೂ ಗುಡುಗುಡು ಕೇಳುತ್ತ ಹಯಾತನ ಗ್ಯಾರೇಜಿಗೆ ಹೋದರು.

ಹಯಾತ್ ಮತ್ತು ಶಿವಯೋಗಿ ಶಾಲೆಯಲ್ಲಿ ಒಂದೇ ಬೆಂಚಿನವರು. ಇಬ್ಬರೂ ಒಂದೇ ವರ್ಷ ಫೇಲಾಗಿ ಒಂದೇ ವರ್ಷ ಶಾಲೆ ಬಿಟ್ಟಿದ್ದರು. ಹಯಾತ್ ನೆಲಕ್ಕೆ ಗೋಣಿಚೀಲ ಹಾಸಿ ಗಾಡಿಯಡಿ ನುಸುಳಿದ. ಸ್ಪ್ಯಾನರಿನಿಂದ ಅಲ್ಲಿ ಇಲ್ಲಿ ತಟ್ಟಿದ. ಕೆಂಪು ಬಟ್ಟೆಯ ದೇವರ ಗಂಟಿಗೆ ಮಾತ್ರ ಗ್ರೀಸಿನ ಕೈ ತಾಗದ ಹಾಗೆ ಜಾಗ್ರತೆಯಾಗಿ ಪಕ್ಕಕ್ಕೆ ಸರಿದು, ಮಿಕ್ಕದ್ದನ್ನೆಲ್ಲ ಹಿಡಿದು ಅಲುಗಿಸಿದ.

"ಎಲ್ಲ ಟೈಟ್ ಇದೆ ಮಾರಾಯ. ನಿಂತಾಗ ಏನೂ ಗೊತ್ತಾಗಲ್ಲ" ಎಂದ ಕೆಳಗಿನಿಂದಲೇ.

"ಕಮಾನ್ ಪಟ್ಟಿ ನೋಡು ಹಯಾತ್" ಎಂದರು ಪ್ರಸನ್ನಕುಮಾರರು, ಬಗ್ಗದೆ.

ಪಟ್ಟಿ ನೋಡಿದ್ದಾಯಿತು, ಬೋಲ್ಟು ಬಿಗಿದದ್ದಾಯಿತು. ಒಂದು ಸುತ್ತು ಹೋಗಿ ಬಂದರು. ಗುಡುಗುಡು. ಹಯಾತ್ ತಲೆ ಕೆರೆದುಕೊಂಡು, ಎಂಜಿನ್ನಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಬದಲಾಯಿಸಿದ. ಸುತ್ತು ಹೋಗಿ ಬಂದರು. ಗುಡುಗುಡು. ಸೈಲೆನ್ಸರು ನೇತಾಡುತ್ತಿರಬೇಕು ಅಂದರು ಪ್ರಸನ್ನಕುಮಾರರು. ಸೈಲೆನ್ಸರಿಗೆ ತಂತಿ ಸುತ್ತಿದರು. ಗುಡುಗುಡು, ಜೊತೆಗೆ ತಂತಿಯ ಕಿಣಿಕಿಣಿ. ಈಗ ಶಿವಯೋಗಿಗೆ ಮೊದಲಿದ್ದ ಸದ್ದು ಯಾವುದು, ರಿಪೇರಿಯಿಂದ ಬಂದದ್ದು ಯಾವುದು ಅನ್ನುವುದೂ ತಿಳಿಯದೆ ಹೋಯಿತು.

ಗ್ಯಾರೇಜಿಗೆ ಸ್ಕೂಟರಿನ ಪಂಕ್ಚರ್ ಹಾಕಿಸಲು ಬಂದವನೊಬ್ಬ, "ಡೀಸೆಲ್ ಟ್ಯಾಂಕಲ್ಲಿ ಏನಾದ್ರೂ ಬಿದ್ದಿರ್ಬೇಕು" ಅಂದ. ಎದುರಿನ ಬೇಕರಿಯವನು ಬಂದು, "ಎಂಜಿನ್ನೇ ಇಳಿಸ್ಬೇಕು, ನಮ್ಮ ಚಿಕ್ಕಪ್ಪನ ಗಾಡಿಗೂ ಹಿಂಗೇ ಆಗಿತ್ತು" ಅಂದ. ಚಿಕ್ಕಪ್ಪನ ಗಾಡಿ ಆಮೇಲೆ ಸರಿಹೋಯಿತಾ ಅಂತ ಶಿವಯೋಗಿ ಆಸೆಯಿಂದ ಕೇಳಿದ. "ಇಲ್ಲ, ಗುಜರಿಗೆ ಹಾಕಿದ್ರು" ಅಂತ ಹೇಳಿ ಅವನು ಹೋದ.

ಕೊನೆಗೆ ಹಯಾತ್ ಒಂದು ಉಪಾಯ ಹೇಳಿದ. "ಗಾಡಿ ಓಡೋವಾಗಷ್ಟೇ ಸದ್ದು ಬರೋದು. ನಾನು ಓಡಿಸ್ತೀನಿ. ನೀನು ಹಿಂದೆ ಬಾಡಿಲಿ ಉದ್ದಕ್ಕೆ ಮಲಗಿ ತಗಡಿಗೆ ಕಿವಿ ಇಡು. ಎಲ್ಲಿಂದ ಬರುತ್ತೆ ಅಂತ ಹುಡುಕು."

"ಮುಂದೆ ನನ್ನ ಜೊತೆ ಪ್ರಸನ್ನಕುಮಾರ್ ಸಾರ್ ಬೇಡ" ಅಂತಲೂ ಹೇಳಬೇಕೆಂದಿದ್ದ, ಆದರೆ ಅವರು ಆಗಲೇ ಹತ್ತಿದ್ದರು.

ಬಿಸಿಲಿಗೆ ತಗಡು ಕಾದಿತ್ತು. ಹಯಾತ್ ಒಂದು ಹಳೇ ಬಿಳಿ ಪಂಚೆ ಹಾಸಿಕೊಟ್ಟ. ಶಿವಯೋಗಿ ಅದರ ಮೇಲೆ ಕಾಲು ನೀಡಿ ಮಲಗಿ, ಕಣ್ಣಿಗೆ ಧೂಳು ಬೀಳಬಾರದೆಂದು ಟವೆಲಿನಿಂದ ಮುಖ ಮುಚ್ಚಿಕೊಂಡ. ಸದ್ದು ಚೆನ್ನಾಗಿ ಕೇಳಲಿ ಅಂತ ಹಯಾತ್ ಗಾಡಿಯನ್ನು ನಿಧಾನವಾಗಿ, ನಡೆಯುವವರ ಜೊತೆಜೊತೆಗೆ ಬಿಟ್ಟ. ಅದೇ ಹೊತ್ತಿಗೆ ಇಂಡಿಕೇಟರುಗಳಿಗೂ ಮನಸ್ಸಾಯಿತು. ನಾಲ್ಕೂ ಒಟ್ಟಿಗೆ ಮಿನುಗತೊಡಗಿದವು.

ಈಗ ನೀವೇ ಹೇಳಿ. ಬಿಳೀ ಗಾಡಿ. ಅದು ಮೆಲ್ಲಗೆ ಹೋಗುತ್ತಿದೆ, ದೀಪ ಮಿನುಗುತ್ತಿದೆ. ಹಿಂದೆ ಒಬ್ಬ ಬಿಳೀ ಬಟ್ಟೆಯ ಮೇಲೆ ಮುಖ ಮುಚ್ಚಿ ಉದ್ದಕ್ಕೆ ಮಲಗಿದ್ದಾನೆ. ಮುಂದೆ ಇಬ್ಬರು ಮಾತಿಲ್ಲದೆ ಗಂಭೀರವಾಗಿ ಕೂತಿದ್ದಾರೆ. ನೋಡಿದವರು ಏನು ತಿಳಿಯಬೇಕು? ಟೀ ಅಂಗಡಿ ಮುಂದೆ ಕೂತಿದ್ದವರು ಲೋಟ ಕೆಳಗಿಟ್ಟು ಎದ್ದು ನಿಂತರು. ಒಬ್ಬ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿದ. ಸಿಟಿ ಬಸ್ಸಿನವನು ಹಾರ್ನು ಮಾಡದೆ ಬದಿಗೆ ನಿಲ್ಲಿಸಿ ದಾರಿ ಕೊಟ್ಟ. ನ್ಯೂ ಟೌನಿನ ತಿರುವಿನಲ್ಲಿ ಒಬ್ಬಾಕೆ ತಾನು ಮನೆಗೆ ಕೊಂಡೊಯ್ಯುತ್ತಿದ್ದ ಸೇವಂತಿಗೆ ಹೂವನ್ನೇ ಗಾಡಿಗೆ ಎಸೆದು ಕೈಮುಗಿದಳು. ಹೂವು ಮೈಮೇಲೆ ಬಿದ್ದಾಗ ಶಿವಯೋಗಿಗೆ ಸ್ವಲ್ಪ ಆಶ್ಚರ್ಯವಾಯಿತು, ಆದರೆ ಆಗಷ್ಟೇ ಸದ್ದು ಕಿವಿಯ ಹತ್ತಿರವೇ ಬಂದಂತಾಗಿದ್ದರಿಂದ ಅವನು ಮಿಸುಕಾಡಲಿಲ್ಲ.

ಯಾರೋ ಗಾಡಿಯ ಗುರುತು ಹಿಡಿದರು. ಗೊಬ್ಬರದ ಅಂಗಡಿಯ ಷಡಕ್ಷರಪ್ಪನವರ ಅಳಿಯನ ಗಾಡಿಯಲ್ಲವಾ ಇದು. ಹಾಗಾದರೆ ಮಲಗಿರುವವನು ಯಾರು? ಓಡಿಸುತ್ತಿರುವವನು ಅಳಿಯನಲ್ಲ, ಅಂದಮೇಲೆ ಇನ್ಯಾರು. ಸುದ್ದಿ ಅಂಗಡಿ ಮುಟ್ಟುವುದಕ್ಕೆ ಒಂದು ಫೋನು ಸಾಕಾಯಿತು.

ಗಾಡಿ ನ್ಯೂ ಟೌನ್ ಸುತ್ತಿ ವಾಪಸು ಬರುವಾಗ, ಷಡಕ್ಷರಪ್ಪನವರು ಸ್ಕೂಟರ್ ತಂದು ಅಡ್ಡ ನಿಲ್ಲಿಸಿದರು. ಅಂಗಡಿಯ ಬಾಗಿಲು ಎಳೆದದ್ದರ ಗಡಿಬಿಡಿಗೆ ಅವರ ಅಂಗಿಯ ಗುಂಡಿಗಳು ಏರುಪೇರಾಗಿದ್ದವು. ಕಣ್ಣಲ್ಲಿ ನೀರು. ಗಾಡಿ ಯಾಕೆ ನಿಂತಿತು ಅಂತ ಶಿವಯೋಗಿ ಟವೆಲ್ ಸರಿಸಿ, ಎದೆಯ ಮೇಲೆ ಹೂವಿಟ್ಟುಕೊಂಡೇ ಎದ್ದು ಕೂತ.

ಷಡಕ್ಷರಪ್ಪನವರು ರಸ್ತೆಯ ಮೇಲೆ ಹಾಗೇ ಕುಸಿದು ಕೂತರು.

"ಯಾಕೆ ಮಾವ, ಏನಾಯ್ತು?" ಎಂದ ಶಿವಯೋಗಿ ಗಾಬರಿಯಿಂದ.

ಅವರು ಬಟ್ಟೆ ಕೊಡವಿಕೊಂಡು ಎದ್ದರು. ಏಳುವಷ್ಟರಲ್ಲಿ ಅಳು ಹೋಗಿ ಸಿಟ್ಟು ಬಂದಿತ್ತು. "ನಿಮಗೆ ಏನಾದ್ರೂ ಬುದ್ಧಿ ಇದೆಯೇನ್ರೀ? ನನ್ನ ಮಗಳಿಗೆ ಹೆಂಗೆ ಹೇಳ್ಲಿ ಅಂತ ದಾರಿಯುದ್ದಕ್ಕೂ ಒದ್ದಾಡ್ಕೊಂಡು ಬಂದೆ. ಬೇಡ, ಈ ಗಾಡಿ ಸಹವಾಸವೇ ಬೇಡ. ಇವತ್ತು ಸಂಜೆ ಆ ಬಾಡಿಗೆ ಸಿಗ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ನೀವೇ ತೆಗೀಬೇಕು. ಬೀಗದ ಕೈ ತಗೊಳ್ಳಿ, ಈಗ್ಲೇ ಇಟ್ಕೊಳ್ಳಿ." ಬೀಗದ ಕೈಯನ್ನು ಅವನ ಅಂಗಿ ಜೇಬಿಗೆ ತುರುಕಿಯೇ ಅವರು ಸ್ಕೂಟರ್ ಹತ್ತಿದರು.

ಮನೆಗೆ ಬಂದರೆ ಅಲ್ಲಿ ಬೀದಿಯೇ ನೆರೆದಿತ್ತು. ಶಿವಯೋಗಿಯ ತಾಯಿ ಕಾಶಮ್ಮ ಜಗುಲಿಯ ಮೇಲೆ ಕೂತು, ಸಮಾಧಾನ ಮಾಡುವವರಿಗೆ ತಾನೇ ಸಮಾಧಾನ ಹೇಳುತ್ತಿದ್ದಳು. "ನನ್ನ ಮಗನಿಗೆ ಏನೂ ಆಗಲ್ಲ ಕಣ್ರೇ, ಗಾಡಿಗೆ ದೇವರ ಕಾಯಿ ಕಟ್ಟಿದೆ." ಮಗ ತನ್ನ ಕಾಲ ಮೇಲೆ ಇಳಿದು ಬಂದದ್ದನ್ನು ನೋಡಿ ಅವಳು ಸೊಸೆಯ ಕೈ ಹಿಡಿದುಕೊಂಡಳು.

"ನೀನು ಕಟ್ಟಿದ ಕಾಯಿನೇ ಅವನ್ನ ಕಾಪಾಡ್ತು ತನುಜಾ."

ತನುಜಾ ಕಣ್ಣೊರೆಸಿಕೊಂಡು ಅತ್ತೆಯ ಮುಖ ನೋಡಿದಳು. "ನಾನು ಕಟ್ಟಿದ್ದಾ? ಅದು ನೀವು ಕಟ್ಟಿದ್ದಲ್ವಾ ಅತ್ತೆ?"

"ನಾನೆಲ್ಲಿ ಕಟ್ಟಿದೆ? ನಾನು ಕಟ್ಟಿದ್ದು ಮುಂದಿನ ನಿಂಬೆಹಣ್ಣು. ನೀನೇ ಹರಕೆ ಹೊತ್ತು ಕಟ್ಟಿರ್ಬೇಕು, ಕೇಳಿದ್ರೆ ಫಲ ಹೋಗುತ್ತೆ ಅಂತ ನಾನು ಕೇಳ್ಲಿಲ್ಲ."

"ನಾನೂ ಅದಕ್ಕೇ ಕೇಳ್ಲಿಲ್ಲ."

ಇಬ್ಬರೂ ಶಿವಯೋಗಿಯನ್ನು ನೋಡಿದರು. ಅವನು, "ನಾನು ನೀವಿಬ್ರಲ್ಲಿ ಯಾರೋ ಒಬ್ರು ಅಂದ್ಕೊಂಡಿದ್ದೆ" ಎಂದ. ಎಲ್ಲರೂ ಸೇರಿ ಹಯಾತನನ್ನು ನೋಡಿದರು.

"ನನ್ನ ಯಾಕೆ ನೋಡ್ತೀರಾ? ದಿನಾ ನೋಡ್ತೀನಿ ಅದನ್ನ. ನಿಮ್ಮನೆ ದೇವ್ರುದು, ಗ್ರೀಸಿನ ಕೈಲಿ ನಾನು ಮುಟ್ಬಾರ್ದು ಅಂತ ಇಷ್ಟು ದಿನ ತಪ್ಪಿಸ್ಕೊಂಡೇ ಕೆಲಸ ಮಾಡಿದ್ದೀನಿ" ಎಂದ ಹಯಾತ್. ಹಾಗೆ ಹೇಳುತ್ತಿದ್ದಂತೆ ಅವನ ಮುಖದಲ್ಲೇ ಏನೋ ಬದಲಾಯಿತು. ಅವನು ಮೆಲ್ಲಗೆ ಶಿವಯೋಗಿಯ ಕಡೆ ತಿರುಗಿದ. "ಅರೆ ಭಾಯ್, ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲುಗಿಸಿ ನೋಡಿದ್ದೀನಿ ನಾನು."

ಶಿವಯೋಗಿಯೇ ಕೈಕಾಲು ತೊಳೆದುಕೊಂಡು, ದೇವರಿಗೆ ತಪ್ಪುಕಾಣಿಕೆ ತೆಗೆದಿಟ್ಟು, ಕೆಳಗೆ ನುಸುಳಿ ಗಂಟು ಬಿಚ್ಚಿ ತಂದ. ಜಗುಲಿಯ ಮೇಲಿಟ್ಟು ನೋಡಿದರೆ, ಕತ್ತರಿಸಿದ ಎಣ್ಣೆ ಡಬ್ಬ ಒಂದು. ಅದರೊಳಗೆ ಒಂದು ತೆಂಗಿನಕಾಯಿ. ಎರಡಕ್ಕೂ ಸೇರಿಸಿ ಮೇಲೆ ಕೆಂಪು ಬಟ್ಟೆ ಸುತ್ತಿ, ತಂತಿ ಬಿಗಿದಿದ್ದರು. ಶಿವಯೋಗಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಸೈಲೆನ್ಸರಿನ ಬಿಸಿಗೆ ಕಾಯಿ ಒಣಗಿ, ಒಳಗಿನ ಕೊಬ್ಬರಿ ಕರಟ ಬಿಟ್ಟುಕೊಂಡು ಗಿಟುಕಾಗಿತ್ತು. ಗುಡುಗುಡು ಅಂದಿತು. ಡಬ್ಬಕ್ಕೆ ಹಾಕಿ ಅಲುಗಿಸಿದರೆ ಗುಡುಗುಡು, ಗುಡುಗುಡು, ಟಕ್.

ಬೀದಿಯೆಲ್ಲ ನಕ್ಕಿತು. ಶಿವಯೋಗಿಗೆ ಅಳು ಬರುವಷ್ಟು ಸಂತೋಷವಾಯಿತು. ಪ್ರಸನ್ನಕುಮಾರರು, "ನಾನು ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೆ, ಎಂಜಿನ್ನಿಂದಲ್ಲ ಅಂತ" ಎಂದರು.

ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದ ತನುಜಾಳ ಕಣ್ಣು ಬಟ್ಟೆಯ ಮೇಲಿತ್ತು. "ಇದು ಬ್ಲೌಸ್ ಪೀಸ್ ರೀ. ರೇಷ್ಮೆದು. ಗಿಳಿ ಹಸಿರು ಅಂಚು ನೋಡಿ, ಎಷ್ಟು ಚೆನ್ನಾಗಿದೆ. ಇಂಥದ್ದನ್ನ ಯಾವ ಹೆಂಗಸೂ ಗಾಡಿಗೆ ಕಟ್ಟಲ್ಲ."

"ಅದಿರ್ಲಿ, ದೇವರ ಕಾಯಿನ ಎಣ್ಣೆ ಡಬ್ಬಕ್ಕೆ ಯಾರೇ ಹಾಕ್ತಾರೆ?" ಅಂದಳು ಕಾಶಮ್ಮ. ಆದರೆ ಆ ಹೊತ್ತಿಗೆ ಯಾರಿಗೂ ಇವರಿಬ್ಬರ ಮಾತು ಬೇಕಿರಲಿಲ್ಲ. ಸದ್ದಿಲ್ಲದ ಗಾಡಿಯನ್ನು ಕೇಳುವ ಆಸೆಯಿಂದ ಶಿವಯೋಗಿ ಹಯಾತನನ್ನು ಎಳೆದುಕೊಂಡು ಹೋಗಿ ಗಾಡಿ ಹೊರಡಿಸಿದ.

ಬೀದಿಯ ಕೊನೆಯವರೆಗೆ ಸುಖವಾಗಿತ್ತು. ಮೇನ್ ರೋಡಿಗೆ ಇಳಿದು ಸ್ವಲ್ಪ ವೇಗ ಹಿಡಿದದ್ದೇ, ಹಿಂದಿನಿಂದ ಬೇರೊಂದು ಸದ್ದು ಎದ್ದಿತು. ಊಂ ಅಂತ ಸಣ್ಣಗೆ ಶುರುವಾಗಿ, ವೇಗ ಏರಿದ ಹಾಗೆ ತಾನೂ ಏರುತ್ತ, ಕೊನೆಗೆ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗಾಯಿತು.

ಹಯಾತ್ ಕತ್ತು ಹಿಂದಕ್ಕೆ ತಿರುಗಿಸಿ ಕಿವಿಗೊಟ್ಟ. ಶಿವಯೋಗಿಯೇ ಕೇಳಬೇಕಾಯಿತು. "ಇದೇನೋ ಇದು?"

"ಕ್ರೌನು" ಎಂದ ಹಯಾತ್. "ಹಿಂದಿನ ಹೌಸಿಂಗ್ ಒಳಗೆ ಚಕ್ರಕ್ಕೆ ಶಕ್ತಿ ದಾಟ್ಸೋ ಹಲ್ಲಿನ ಗಾಲಿ ಇರುತ್ತಲ್ಲ, ಅದರ ಹಲ್ಲು ಸವೆದುಹೋಗಿದೆ. ಪೂರ್ತಿ ಬಿಚ್ಚಿ ಹೊಸ ಸೆಟ್ ಹಾಕ್ಬೇಕು. ಇಷ್ಟು ದಿನ ಇದು ಹಿಂಗೇ ಅರಚ್ತಾ ಇತ್ತು. ನಿನ್ನ ಕಾಯಿ ಗಲಾಟೆಲಿ ನಮಗೆ ಕೇಳಿಸ್ತಿರ್ಲಿಲ್ಲ."

"ನಾಲ್ಕು ಗಂಟೆ ಒಳಗೆ ಆಗುತ್ತಾ?"

"ಮುಂದಿನ ವಾರ ನಾಲ್ಕು ಗಂಟೆ ಒಳಗೆ ಅಂದ್ರೆ ನೋಡ್ಬಹುದು."

ಶಿವಯೋಗಿ ಗಾಡಿ ತಿರುಗಿಸಿದ. ಮನೆ ಮುಂದೆ ನಿಲ್ಲಿಸಿದ. ಅಂಗಿ ಜೇಬಿನಲ್ಲಿದ್ದ ಬೀಗದ ಕೈ ಎದೆಗೆ ಒತ್ತುತ್ತಿತ್ತು. ಮೂಗಿಗೆ ಯೂರಿಯಾ ವಾಸನೆ ಬಂದಂತಾಯಿತು. ಆಮೇಲೆ ಅವನು ಇಳಿದು, ಜಗುಲಿಯ ಮೇಲಿದ್ದ ಕಾಯಿಯನ್ನು ಡಬ್ಬಕ್ಕೆ ಹಾಕಿ, ಬ್ಲೌಸ್ ಪೀಸನ್ನು ಮೊದಲಿನ ಹಾಗೇ ಸುತ್ತತೊಡಗಿದ.

"ಯಾಕೋ ಮತ್ತೆ?" ಎಂದಳು ಕಾಶಮ್ಮ.

"ದೇವರ ಕಾಯಿ ಬಿಚ್ಬಾರ್ದಿತ್ತು ಅಮ್ಮ. ತಪ್ಪಾಯ್ತು. ಕಟ್ಬಿಡ್ತೀನಿ."

ಕಾಶಮ್ಮನಿಗೆ ಮಗನ ಭಕ್ತಿ ಕಂಡು ಹೃದಯ ತುಂಬಿ ಬಂತು. ತನುಜಾಗೆ ಏನೂ ತುಂಬಿ ಬರಲಿಲ್ಲ, ಅವಳು ಗಂಡನನ್ನು ಕಿರುಗಣ್ಣಿನಿಂದ ನೋಡಿದಳು. "ಊಟನಾದ್ರೂ ಮಾಡ್ಕೊಂಡು ಹೋಗಿ" ಅಂದಳು. ಅದಕ್ಕೂ ಹೊತ್ತಿರಲಿಲ್ಲ. ಪ್ರಸನ್ನಕುಮಾರರ ಹೊಟ್ಟೆ ಮಾತ್ರ ಊಟ ಬಿಡಲು ಒಪ್ಪಲಿಲ್ಲವಾಗಿ, ದೇವರು ದೊಡ್ಡವನು, ಗಾಡಿ ಅವರಿಲ್ಲದೆ ಹೊರಟಿತು.

ಶಿವಮೊಗ್ಗದ ದಾರಿಯುದ್ದಕ್ಕೂ ಶಿವಯೋಗಿ ಹೇಳಬೇಕಾದ ಮಾತನ್ನು ಗಟ್ಟಿ ಮಾಡುತ್ತ ಬಂದ. ಅದು ಸದ್ದಲ್ಲ, ದೇವರ ಕಾಯಿ, ನಮ್ಮಮ್ಮ ಕಟ್ಟಿದ್ದು. ಇದರಲ್ಲಿ ಸುಳ್ಳು ಕೊನೆಯ ತುಂಡು ಮಾತ್ರ ಅಂತ ತನ್ನನ್ನು ತಾನು ಒಪ್ಪಿಸಿಕೊಂಡ. ಹಯಾತ್ ಕಿಟಕಿಯಾಚೆ ನೋಡುತ್ತ, "ಹಸಿವು ಆಗ್ತಿದೆ ಮಾರಾಯ" ಅನ್ನುವುದು ಬಿಟ್ಟು ಬೇರೆ ಅಭಿಪ್ರಾಯ ಹೇಳಲಿಲ್ಲ.

ಜಂಬಣ್ಣನವರು ರಾಗಿಗುಡ್ಡದ ಏರಿನ ಬುಡದಲ್ಲಿದ್ದ ಗೋಡೌನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೃದು ಮಾತಿನ, ತುಂಬು ಮೀಸೆಯ ಮನುಷ್ಯ. ಗಾಡಿ ಬಂದು ನಿಂತದ್ದೇ ಅವರು ಎದ್ದು ಬಂದು ನಂಬರ್ ಪ್ಲೇಟಿನ ಮುಂದೆ ನಿಂತರು. ಬಹಳ ಹೊತ್ತು ನಿಂತರು, ಮದುವೆ ಮನೆಯಲ್ಲಿ ಹಳೇ ನೆಂಟನ ಮುಖ ನೋಡಿದ ಹಾಗೆ. ಆಮೇಲೆ ಸುತ್ತಲೂ ಒಂದು ಸಲ ನಡೆದು, ಹಿಂದಿನ ಬಾಗಿಲನ್ನು ತಟ್ಟಿ, "ಬಿಳಿ ಬಣ್ಣ ಚೆನ್ನಾಗಿ ಒಪ್ಪುತ್ತೆ" ಎಂದರು.

"ಒಂದು ರೌಂಡ್ ಹೋಗಿ ಬರೋಣ್ವಾ ಅಣ್ಣಾ?" ಎಂದ ಶಿವಯೋಗಿ.

ಏರು ಹತ್ತುವಾಗಲೇ ಗುಡುಗುಡು ಶುರುವಾಯಿತು. ಜಂಬಣ್ಣ ಏನೂ ಅನ್ನದೆ ಮುಂದೆ ನೋಡುತ್ತ ಕೂತಿದ್ದರು. ಶಿವಯೋಗಿಗೆ ತಾಳ್ಮೆ ಉಳಿಯಲಿಲ್ಲ.

"ಆ ಸದ್ದು ಅಂತ ಬೇಜಾರು ಮಾಡ್ಕೋಬೇಡಿ ಅಣ್ಣಾ. ದೇವರ ಕಾಯಿ ಅದು. ನಮ್ಮಮ್ಮ ಕಟ್ಟಿದ್ದು."

"ಹೌದಾ. ತಾಯಿಯವರಿಗೆ ಭಕ್ತಿ ಜಾಸ್ತಿ ಅನ್ಸುತ್ತೆ."

"ಬಹಳ ಅಣ್ಣಾ. ಗಾಡಿ ತಂದ ದಿನಾನೇ ಉಪವಾಸ ಇದ್ದು ಕಟ್ಟಿದ್ರು."

"ಡಬ್ಬಕ್ಕೆ ಹಾಕಿ ಕಟ್ಟಿದ್ದಾರೆ ಅಲ್ವಾ?"

"ಹೂಂ ಅಣ್ಣಾ, ಮಳೆಗೆ ನೆನೀಬಾರ್ದು ಅಂತ" ಎಂದ ಶಿವಯೋಗಿ ಹುರುಪಿನಿಂದ. ನಡುವೆ ಕೂತಿದ್ದ ಹಯಾತ್ ಅವನ ತೊಡೆ ಚಿವುಟಿದ. ಯಾಕೆ ಚಿವುಟಿದ ಅನ್ನುವುದು ಶಿವಯೋಗಿಗೆ ತಿಳಿಯಲಿಲ್ಲ. ಅವನು ಇನ್ನೂ ಮುಂದುವರಿದು, ಕಾಯಿಯನ್ನು ಯಾವ ಮಠದಲ್ಲಿ ಪೂಜೆ ಮಾಡಿಸಿದ್ದು, ಸ್ವಾಮಿಗಳು ಏನು ಹೇಳಿ ಕೊಟ್ಟರು ಅನ್ನುವವರೆಗೂ ಹೋದ. ಜಂಬಣ್ಣ ಎಲ್ಲದಕ್ಕೂ ತಲೆಯಾಡಿಸಿದರು.

ಗೋಡೌನಿನ ಮುಂದೆ ಇಳಿದವರೇ ಅವರು ಬಗ್ಗಿ ಗಾಡಿಯಡಿ ನೋಡಿದರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಯಶೋಧರಾ, ಸ್ವಲ್ಪ ಬಾರೇ ಇಲ್ಲಿ. ಗೃಹಪ್ರವೇಶಕ್ಕೆ ನಿಮ್ಮ ತವರಿನವರು ಕೊಟ್ಟ ಬ್ಲೌಸ್ ಪೀಸ್ ಕಳೆದುಹೋಯ್ತು ಅಂತ ಹೋದ ವರ್ಷದಿಂದ ಬೈತಾ ಇದ್ದೀಯಲ್ಲ. ಸಿಕ್ತು ನೋಡು."

ಶಿವಯೋಗಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಜಂಬಣ್ಣನ ಮುಖ ನೋಡಿದ, ಗಾಡಿ ನೋಡಿದ, ಹಯಾತನನ್ನು ನೋಡಿದ. ಹಯಾತ್ ನೆಲ ನೋಡುತ್ತಿದ್ದ. ಆಗ ನಿಧಾನವಾಗಿ ಅರ್ಥವಾಯಿತು, ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನುವ ಹಾಗೆ.

"ಆವಾಗ ನೀಲಿ ಬಣ್ಣ ಇತ್ತು" ಎಂದರು ಜಂಬಣ್ಣ, ಬೇಸರವಿಲ್ಲದೆ. "ಕ್ರೌನು ಊಳಿಡೋಕೆ ಶುರುವಾದ್ಮೇಲೆ ಯಾರೂ ತಗೊಳ್ಲಿಲ್ಲ. ಕೊನೆಗೆ ನಾನೇ ಆ ಕಾಯಿ ಕಟ್ಟಿ, ಅದು ಒಣಗಿ ಸದ್ದು ಬರೋವರೆಗೆ ಕಾದು, ಚನ್ನಗಿರಿಯವನಿಗೆ ದಾಟಿಸ್ದೆ. ದೇವರ ಗಂಟು ಅಂದ್ರೆ ನಮ್ಮ ಜನ ಮುಟ್ಟಲ್ಲ ನೋಡಿ. ಅಮ್ಮ ಕಟ್ಟಿದ್ದು ಅಂದ್ರಿ. ಹಂಗಾದ್ರೆ ನಾನೇ ನಿಮ್ಮ ತಾಯಿ ಆಗ್ಬೇಕು."

"ಅಣ್ಣಾ, ಇದು ಮೋಸ ಅಲ್ವಾ?" ಎಂದ ಶಿವಯೋಗಿ.

"ಮೋಸವೇ. ನಾನು ಚನ್ನಗಿರಿಯವನಿಗೆ ಮಾಡ್ದೆ, ಅವನು ನಿಮಗೆ ಮಾಡ್ದ. ನೀವು ಈಗ ನನಗೆ ಮಾಡೋಕೆ ಬಂದಿದ್ರಿ. ಇದರಲ್ಲಿ ಯಾರು ಯಾರನ್ನ ಬೈಯ್ಯೋದು ಹೇಳಿ?"

ಯಶೋಧರಾ ಬಂದು, ಬ್ಲೌಸ್ ಪೀಸಿನ ಎಣ್ಣೆ ಕಲೆ ಕಂಡು ಗಂಡನನ್ನು ಬೈಯುತ್ತ ಅದನ್ನು ಬಿಚ್ಚಿಕೊಂಡು ಒಳಗೆ ಹೋದರು. ಕಾಯಿ ಯಾರಿಗೂ ಬೇಡವಾಗಿ ಶಿವಯೋಗಿಯ ಕೈಯಲ್ಲೇ ಉಳಿಯಿತು. ಜಂಬಣ್ಣ ಟೀ ತರಿಸಿದರು, ಬಾಡಿಗೆ ಮಾತ್ರ ಕೊಡಲಿಲ್ಲ. ತಾನೇ ತಳ್ಳಿದ ಗಾಡಿಯನ್ನು ತಾನೇ ಬಾಡಿಗೆಗೆ ಕರೆದರೆ ಶಿವಮೊಗ್ಗದವರು ನಗುತ್ತಾರೆ ಅಂದರು.

ವಾಪಸು ಬರುವಾಗ ಗಾಡಿ ಯಾವ ಮುಚ್ಚುಮರೆಯೂ ಇಲ್ಲದೆ ಊಳಿಟ್ಟಿತು. ಅರ್ಧ ದಾರಿಗೆ ಹಯಾತ್, "ಇನ್ನು ಆಗಲ್ಲಪ್ಪ, ಹೊಟ್ಟೆ ಕೂಗೋದು ಕ್ರೌನಿಗಿಂತ ಜೋರಾಗಿದೆ" ಅಂದ. ರಸ್ತೆ ಬದಿ ನಿಲ್ಲಿಸಿದರು. ದೇವರ ಕಾಯಿಯಂತೂ ಅಲ್ಲ ಅಂತ ಈಗ ಖಾತ್ರಿಯಾಗಿದ್ದರಿಂದ ಹಯಾತ್ ಅದನ್ನು ಸ್ಪ್ಯಾನರಿನಿಂದ ಒಡೆದ. ಕೊಬ್ಬರಿಗೆ ಸ್ವಲ್ಪ ಡೀಸೆಲ್ ವಾಸನೆ ಇತ್ತು, ರುಚಿಗೆ ಏನೂ ತೊಂದರೆ ಇರಲಿಲ್ಲ. ಇಬ್ಬರೂ ಬೆಳಗಿನಿಂದ ಏನೂ ತಿಂದಿರಲಿಲ್ಲವಾದ್ದರಿಂದ ಗಬಗಬ ತಿಂದರು.

ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡೇ ಶಿವಯೋಗಿ ಬ್ರೋಕರ್ ಗುರುವಿಗೆ ಫೋನ್ ಮಾಡಿದ. ಬೈಯಬೇಕು ಅಂತಲೇ ಮಾಡಿದ್ದು. ಆದರೆ ಆ ಕಡೆಯ ದನಿ ಕೇಳಿದ ಕೂಡಲೇ ಸುಸ್ತಾಗಿ, ಈ ಗಾಡಿ ಒಮ್ಮೆ ಕೈಬಿಟ್ಟು ಹೋದರೆ ಸಾಕು, ಅಂಗಡಿಯಲ್ಲಾದರೂ ನೆಮ್ಮದಿಯಾಗಿ ಕೂರುತ್ತೇನೆ ಅನ್ನಿಸಿ, "ಗುರು, ಗಾಡಿ ಮಾರ್ಬೇಕು ಕಣಯ್ಯ. ಬೇಗ ಯಾರನ್ನಾದ್ರೂ ಕರ್ಕೊಂಡು ಬಾ" ಎಂದ.

"ಅದಕ್ಕೇನಣ್ಣಾ, ನಾಳೆನೇ ತರ್ತೀನಿ. ಸಾಗರದ ಪಾರ್ಟಿ ಒಂದಿದೆ, ಹಣ ಕೈಲೇ ಇಟ್ಕೊಂಡು ಕೂತಿದ್ದಾರೆ" ಎಂದ ಗುರು ಉತ್ಸಾಹದಿಂದ. ಆಮೇಲೆ ದನಿ ತಗ್ಗಿಸಿದ. "ಒಂದೇ ಒಂದು ಮಾತು. ಅಡಿಯಲ್ಲಿ ಒಂದು ಕಾಯಿ ಕಟ್ಟಿದೆಯಲ್ಲ, ಅದನ್ನ ಮಾತ್ರ ಯಾವ ಕಾರಣಕ್ಕೂ ಬಿಚ್ಬೇಡಿ. ಹೊಸ ಕಾಯಿ ಕಟ್ಟಿದ್ರೆ ಅದು ಒಣಗಿ ಸದ್ದು ಬರೋಕೆ ವರ್ಷ ಬೇಕು. ಅದಿಲ್ದೆ ಈ ಗಾಡಿ ಹೋಗಲ್ಲ."

ಶಿವಯೋಗಿ ಅಗಿಯುವುದನ್ನು ನಿಲ್ಲಿಸಿದ. ಹಯಾತ್ ಕರಟದಲ್ಲಿ ಉಳಿದಿದ್ದ ಕೊನೇ ಚೂರನ್ನು ಕೆರೆದು ಬಾಯಿಗೆ ಹಾಕಿಕೊಳ್ಳುತ್ತ, "ಏನಂತೆ?" ಎಂದು ಕೇಳಿದ.